ಹೈಸ್ಕೂಲ್ ಮಕ್ಕಳ ಸುದ್ದಿ ಚಾನೆಲ್: ಯೂಟ್ಯೂಬಿಗೆ ಹಾಕುವ ಮುಂಚೆ

ಓದುಗರ ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ನಮ್ಮ ಕೆಲವು ಮಕ್ಕಳಿಗೆ ಟಿವಿ ರಿಪೋರ್ಟರ್ ಆಗುವ ಹುಚ್ಚು. ಪ್ರತಿಭಾ ಕಾರಂಜಿ ನಡೆದಾಗ ನನ್ನ ಮೊಬೈಲಿನಲ್ಲೇ ಸುದ್ದಿ ಮಾಡಿದರು. ಡಸ್ಟರನ್ನೇ ಮೈಕ್ ಮಾಡಿಕೊಂಡು "ಬಿಗ್ ಬ್ರೇಕಿಂಗ್" ಅಂತ ಕಿರುಚಿದ್ದೇ ಜಾಸ್ತಿ. ಆಮೇಲೆ ಒಬ್ಬ ಹುಡುಗ ಶೌಚಾಲಯದ ನಲ್ಲಿಯಲ್ಲಿ ನೀರು ಬಾರದ್ದನ್ನು ವಿಡಿಯೋ ಮಾಡಿದ. ಅದು ಊರಿನ ವಾಟ್ಸಾಪ್ ಗುಂಪಿಗೆ ಹೋಯಿತು. ಎಸ್‌ಡಿಎಂಸಿಯವರು, ಅಂದರೆ ಶಾಲಾಭಿವೃದ್ಧಿ ಸಮಿತಿಯವರು, ಬಂದು ದೊಡ್ಡ ಗಲಾಟೆ ಮಾಡಿದರು. ಮುಖ್ಯಶಿಕ್ಷಕರು ಈಗ, "ಒಳ್ಳೇದಷ್ಟೇ ತೋರಿಸೋದಾದ್ರೆ ಶಾಲೆಯದೇ ಯೂಟ್ಯೂಬ್ ಚಾನೆಲ್ ಮಾಡೋಣ" ಎನ್ನುತ್ತಾರೆ. ಕ್ಯಾಮೆರಾ, ಸ್ಟುಡಿಯೋ ಇಲ್ಲದೆ ಇದನ್ನು ಸರಿಯಾಗಿ ಕಲಿಸಲು ಆಗುತ್ತದಾ? ಆ ಕಿರುಚಾಟ ಬಿಡಿಸುವುದು ಹೇಗೆ? ನಮ್ಮ ಮಕ್ಕಳದು ಹಳ್ಳಿ ಮಾತು, ಅದನ್ನು ತಿದ್ದಬೇಕಾ? ಯೂಟ್ಯೂಬ್ ಅಂದ ಕೂಡಲೇ ಹೆಣ್ಣುಮಕ್ಕಳ ಮನೆಯವರು ಬೇಡ ಅನ್ನುತ್ತಾರೆ. ಏನು ಮಾಡಲಿ?

ಉತ್ತರ:

ಮೇಡಂ, ನೀವು ಕೇಳಿದ್ದು ನಾಲ್ಕು ಪ್ರಶ್ನೆ. ಆದರೆ ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಆ ನಲ್ಲಿಯ ವಿಡಿಯೋ ಅನ್ನಿಸುತ್ತದೆ. ಮಕ್ಕಳಿಗೆ ಸುದ್ದಿ ಮಾಡುವುದನ್ನು ಕಲಿಸಿದರೆ ಅವರು ನಿಜವಾಗಿಯೂ ಸುದ್ದಿ ಮಾಡಿಬಿಡುತ್ತಾರಲ್ಲ, ಆಗ ಬೈಸಿಕೊಳ್ಳುವವರು ನೀವು. ಈ ಭಯ ಸುಳ್ಳಲ್ಲ. ರೇಡಿಯೋದಲ್ಲೂ ಟಿವಿ ಸುದ್ದಿಮನೆಯಲ್ಲೂ ಕೆಲಸ ಮಾಡಿ, ಈಗ ಶಾಲಾ ಮಕ್ಕಳ ಜೊತೆ ಇದೇ ಕೆಲಸ ಮಾಡುತ್ತಿರುವ ನನಗೆ ಎಲ್ಲ ಕಡೆಯೂ ಕಂಡದ್ದು ಇದೇ ಭಯ. ಇದಕ್ಕೆ ನನ್ನ ಉತ್ತರ ಒಂದೇ. ಕಲಿಸುವುದನ್ನೂ ಪ್ರಕಟಿಸುವುದನ್ನೂ ಬೇರೆ ಬೇರೆ ಮಾಡಿ. ಸುದ್ದಿ ಮಾಡಲು ಕಲಿತ ದಿನವೇ ಅದನ್ನು ಲೋಕಕ್ಕೆಲ್ಲ ತೋರಿಸಬೇಕು ಅಂತ ಯಾರೂ ಹೇಳಿಲ್ಲ. ಕೇಳುವವರ ಬಳಗ ಚಿಕ್ಕದಿದ್ದಷ್ಟೂ ಮಕ್ಕಳಿಗೆ ನಿಜ ಹೇಳುವ ಜಾಗ ಜಾಸ್ತಿ ಸಿಗುತ್ತದೆ.

ಮೊದಲು ಸಾಮಾನಿನ ವಿಷಯ ಮುಗಿಸೋಣ. ಸ್ಟುಡಿಯೋ ಬೇಕು, ಹಿಂದೆ ಹಸಿರು ಪರದೆ ಬೇಕು, ದೊಡ್ಡ ಕ್ಯಾಮೆರಾ ಬೇಕು ಅನ್ನುವುದು ತಪ್ಪು ಕಲ್ಪನೆ. ನಮ್ಮ ರಾಜ್ಯದ ರೇಡಿಯೋ ಕಥೆ ಶುರುವಾದದ್ದೇ ಒಬ್ಬ ಮೇಷ್ಟ್ರ ಮನೆಯಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಅವರ ಟ್ರಾನ್ಸ್‌ಮಿಟರ್ 30 ವಾಟಿನದು, ಅಂದರೆ ಒಂದು ಸಣ್ಣ ಬಲ್ಬಿನಷ್ಟು ವಿದ್ಯುತ್ತು. 'ಆಕಾಶವಾಣಿ' ಎಂಬ ಹೆಸರು ಮೊದಲು ಹತ್ತಿದ್ದು ಆ ಕೇಂದ್ರಕ್ಕೇ. ಇವತ್ತು ನಿಮ್ಮ ಕೈಲಿರುವ ಮೊಬೈಲು ಅದಕ್ಕಿಂತ ಎಷ್ಟೋ ಪಾಲು ಮೇಲು.

ಹಣ ಹಾಕುವುದಿದ್ದರೆ ಕ್ಯಾಮೆರಾಗಲ್ಲ, ಮೈಕಿಗೆ ಹಾಕಿ. ಅಂಗಿಗೆ ಸಿಕ್ಕಿಸುವ ಕಾಲರ್ ಮೈಕ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅಲುಗಾಡಿದ ಚಿತ್ರವನ್ನು ಜನ ಸಹಿಸಿಕೊಳ್ಳುತ್ತಾರೆ, ಕೇಳಿಸದ ಮಾತನ್ನು ಸಹಿಸುವುದಿಲ್ಲ. ಹೆಚ್ಚಿನ ತರಗತಿ ಕೋಣೆಗಳು ಬೋಳು ಗೋಡೆಯವು, ದನಿ ಅಲ್ಲಿ ಗುಂಯ್‌ಗುಡುತ್ತದೆ. ಮಾತಾಡುವವರಿಂದ ಮೈಕ್ ಎರಡು ಪಟ್ಟು ದೂರ ಹೋದರೆ ಅದಕ್ಕೆ ನೇರವಾಗಿ ಸಿಗುವ ದನಿಯ ಒತ್ತಡ ಅರ್ಧಕ್ಕೆ ಇಳಿಯುತ್ತದೆ. ಗೋಡೆಗೆ ಬಡಿದು ಬರುವ ಪ್ರತಿಧ್ವನಿ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದಕ್ಕೇ ದೂರದಿಂದ ತೆಗೆದ ವಿಡಿಯೋ ಬಾವಿಯೊಳಗಿನ ಮಾತಿನಂತೆ ಕೇಳುವುದು. ಮೈಕ್ ಕೊಳ್ಳಲು ಆಗದಿದ್ದರೆ ಎರಡನೇ ಮೊಬೈಲನ್ನು ಬಾಯಿಂದ ಒಂದು ಗೇಣು ದೂರದಲ್ಲಿಟ್ಟು ಅದರಲ್ಲಿ ದನಿ ಮಾತ್ರ ರೆಕಾರ್ಡ್ ಮಾಡಿ. ಶುರುವಿನಲ್ಲಿ ಒಮ್ಮೆ ಚಪ್ಪಾಳೆ ತಟ್ಟಿಸಿ. ಎಡಿಟ್ ಮಾಡುವಾಗ ಆ ಚಪ್ಪಾಳೆಯನ್ನೇ ಗುರುತಾಗಿಟ್ಟುಕೊಂಡು ಚಿತ್ರಕ್ಕೆ ದನಿ ಜೋಡಿಸಬಹುದು. ಫ್ಯಾನ್ ಆರಿಸಿ, ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಿ. ಇಷ್ಟು ಮಾಡಿದರೆ ಮುಕ್ಕಾಲು ಪಾಲು ಕೆಲಸ ಆದಂತೆ.

ಚಿತ್ರದ ವಿಷಯ ಬೇಗ ಮುಗಿಯುತ್ತದೆ. ಬೆಳಕು ಮಾತಾಡುವವರ ಮುಖದ ಮೇಲೆ ಬೀಳಬೇಕು, ಕಿಟಕಿ ಅವರ ಬೆನ್ನ ಹಿಂದೆ ಇರಬಾರದು. ಒಂದು ಶಾಟನ್ನು ಕನಿಷ್ಠ ಹತ್ತು ಸೆಕೆಂಡು ಅಲುಗಾಡಿಸದೆ ಹಿಡಿಯಬೇಕು. ಒಂದೇ ಕೆಲಸವನ್ನು ದೂರದಿಂದ ಒಮ್ಮೆ, ಕೈ ಮಾತ್ರ ಕಾಣುವಂತೆ ಒಮ್ಮೆ, ಮುಖ ಒಮ್ಮೆ ತೆಗೆಯಬೇಕು. ಬಿಸಿಯೂಟದ ಅಡುಗೆಯವರು ಸಾರಿಗೆ ಒಗ್ಗರಣೆ ಹಾಕುವುದನ್ನು ಹೀಗೆ ತೆಗೆಯಲು ಹೇಳಿ. ಒಂದೇ ಮಧ್ಯಾಹ್ನದಲ್ಲಿ ಮಕ್ಕಳಿಗೆ ಶಾಟ್ ಅಂದರೇನು ಅಂತ ತಿಳಿಯುತ್ತದೆ. ಎಡಿಟಿಂಗ್ ನೀವು ಕಲಿಸುವುದೇ ಬೇಡ, ಅವರೇ ನಿಮಗೆ ಕಲಿಸುತ್ತಾರೆ.

ಇನ್ನು ಕಿರುಚಾಟ. ಮಕ್ಕಳನ್ನು ಬೈದರೆ ಅದು ಹೋಗುವುದಿಲ್ಲ, ಏಕೆಂದರೆ ಅದು ಅವರ ಸ್ವಭಾವ ಅಲ್ಲ. ಟಿವಿ ನೋಡಿ ಕಲಿತದ್ದು. ಕನ್ನಡದಲ್ಲಿ 24 ಗಂಟೆಯ ಸುದ್ದಿವಾಹಿನಿಗಳು ಬಂದದ್ದು ಇತ್ತೀಚಿನ ದಶಕಗಳಲ್ಲಿ. ಅದಕ್ಕಿಂತ ಮೊದಲು ಸುದ್ದಿ ಅಂದರೆ ದಿನಕ್ಕೆ ಕೆಲವು ಹೊತ್ತು ಓದಿ ಮುಗಿಸುವ ವಾರ್ತೆ. ಈಗ ಇಡೀ ದಿನ ತುಂಬಿಸಬೇಕು. ತಾಲ್ಲೂಕು ತಾಲ್ಲೂಕಿಗೆ ವರದಿಗಾರರನ್ನು, ಗಾಡಿಯನ್ನು, ಕ್ಯಾಮೆರಾಮನ್‌ನನ್ನು ಕಳಿಸುವುದಕ್ಕಿಂತ ನಾಲ್ಕು ಜನರನ್ನು ಸ್ಟುಡಿಯೋದಲ್ಲಿ ಕೂರಿಸಿ ಜಗಳ ಹಚ್ಚುವುದು ಬಹಳ ಅಗ್ಗ. ಜೊತೆಗೆ ರೇಟಿಂಗಿನ ಒತ್ತಡ. ಚಾನೆಲ್ ಬದಲಾಯಿಸುವ ಬೆರಳನ್ನು ನಿಲ್ಲಿಸಬೇಕಲ್ಲ, ಅದಕ್ಕೆ ದನಿ ಏರುತ್ತದೆ, ಕೆಂಪು ಅಕ್ಷರ ಬರುತ್ತದೆ, ಹಿಂದೆ ಢಂ ಢಂ ಸಂಗೀತ ಬರುತ್ತದೆ. ಇದರ ಲೆಕ್ಕಾಚಾರವನ್ನು ಹೀಗೇ ಬಿಡಿಸಿ ಹೇಳಿದರೆ ಎಂಟನೇ ತರಗತಿಯವರಿಗೂ ಅರ್ಥವಾಗುತ್ತದೆ. ಆಮೇಲೆ ಅವರೇ ಟಿವಿ ನೋಡುತ್ತ ನಗಲು ಶುರುಮಾಡುತ್ತಾರೆ.

ಮಕ್ಕಳ ವಿಷಯದಲ್ಲಿ ಇನ್ನೊಂದು ಕಾರಣವೂ ಇದೆ. ಹೇಳಲು ಮಾಹಿತಿ ಇಲ್ಲದಾಗ ದನಿ ಆ ಜಾಗ ತುಂಬುತ್ತದೆ. ನಿಮ್ಮ ಪ್ರತಿಭಾ ಕಾರಂಜಿ ವರದಿಗಾರನಿಗೆ ಎಷ್ಟು ಶಾಲೆ ಬಂದಿದ್ದವು, ಯಾವ ಸ್ಪರ್ಧೆ ತಡವಾಯಿತು, ಏಕೆ ತಡವಾಯಿತು, ಗೆದ್ದವರು ಮುಂದೆ ಯಾವ ಹಂತಕ್ಕೆ ಹೋಗುತ್ತಾರೆ ಎಂದು ಗೊತ್ತಿತ್ತೇ? ಇಲ್ಲದಿದ್ದರೆ ಅವನು ಇನ್ನೇನು ಮಾಡಬೇಕು ಪಾಪ, ಕಿರುಚುತ್ತಾನೆ. ಹಾಗಾಗಿ ಮೊದಲ ಕೆಲವು ವಾರ ಮೊಬೈಲನ್ನು ಮುಟ್ಟಲೇ ಬಿಡಬೇಡಿ. ನೋಟುಬುಕ್ಕು, ಪೆನ್ನು ಸಾಕು. ಯಾರು ಹೇಳಿದರು, ಅವರಿಗೆ ಹೇಗೆ ಗೊತ್ತು, ಇನ್ನೊಬ್ಬರೂ ಅದನ್ನೇ ಹೇಳುತ್ತಾರಾ? ಈ ಮೂರಕ್ಕೆ ಉತ್ತರ ಬರೆದುಕೊಂಡು ಬಂದವರಿಗೆ ಮಾತ್ರ ಮೈಕ್. ಸಂದರ್ಶನದಲ್ಲಿ "ನಿಮಗೆ ಹೇಗನ್ನಿಸ್ತಿದೆ" ಎಂಬ ಪ್ರಶ್ನೆಯನ್ನು ಪೂರ್ತಿ ನಿಷೇಧಿಸಿ. ಅದಕ್ಕೆ ಬರುವ ಉತ್ತರ "ಭಾಳ ಖುಷಿ ಆಗೇತ್ರಿ" ಒಂದೇ. "ಆಮೇಲೆ ಏನಾಯ್ತು" ಎಂದು ಕೇಳಲು ಕಲಿಸಿ.

ಓದುವುದಕ್ಕೆ ಒಂದು ಅಳತೆ ಕೊಡುತ್ತೇನೆ. ಕನ್ನಡದ ಪದಗಳು ಉದ್ದ. ನಿಧಾನವಾಗಿ, ಸ್ಪಷ್ಟವಾಗಿ ಓದಿದರೆ ನಿಮಿಷಕ್ಕೆ ಸುಮಾರು 100 ಪದ ಆಗುತ್ತದೆ. ಅಂದರೆ ಅರ್ಧ ನಿಮಿಷದ ಸುದ್ದಿಗೆ 50 ಪದ. ಪ್ರತಿ ಸುದ್ದಿಯನ್ನೂ 50 ಪದದಲ್ಲಿ ಬರೆಸಿ. ಒಂದು ವಾಕ್ಯದಲ್ಲಿ ಒಂದೇ ವಿಷಯ ಇರಲಿ. ಪತ್ರಿಕೆಯಲ್ಲಿ ಅರ್ಥವಾಗದಿದ್ದರೆ ಓದುಗ ಮತ್ತೆ ಮೇಲಕ್ಕೆ ಹೋಗಿ ಓದಬಹುದು, ಕೇಳುವವನಿಗೆ ಆ ಸೌಕರ್ಯ ಇಲ್ಲ. ಆಮೇಲೆ ಆ 50 ಪದವನ್ನು ಎದುರಿಗೆ ಕೂತ ಒಬ್ಬರಿಗೆ ಹೇಳುವಂತೆ ಓದಿಸಿ. ಸಾವಿರ ಜನರನ್ನು ನೆನೆದರೆ ದನಿ ಏರುತ್ತದೆ, ಅಜ್ಜಿಯನ್ನು ನೆನೆದರೆ ಇಳಿಯುತ್ತದೆ. ರೇಡಿಯೋದವರ ಹಳೆಯ ಉಪಾಯ ಇದು, ಇನ್ನೂ ಕೆಲಸ ಮಾಡುತ್ತದೆ.

ಇದಕ್ಕೆ ಬೇಕಾದ ಪ್ರಸಾರ ಕೇಂದ್ರ ನಿಮ್ಮ ಶಾಲೆಯಲ್ಲಿ ಈಗಾಗಲೇ ಇರಬೇಕು. ಬೆಳಗಿನ ಪ್ರಾರ್ಥನೆಯಲ್ಲಿ ಪತ್ರಿಕೆಯ ಸುದ್ದಿ ಓದಿಸುತ್ತೀರಿ, ಅಲ್ವಾ? ಹೆಚ್ಚಿನ ಕಡೆ ಅದು ಶಾಸ್ತ್ರಕ್ಕೆ ನಡೆಯುತ್ತದೆ. ಮುಖಪುಟದ ತಲೆಬರಹಗಳನ್ನು ಗಡಗಡ ಓದಿ ಮುಗಿಸುತ್ತಾರೆ, ಯಾರೂ ಕೇಳುವುದಿಲ್ಲ. ಅಲ್ಲಿ ಒಂದೇ ಬದಲಾವಣೆ ಮಾಡಿ. ಓದುವ ಸುದ್ದಿಗಳಲ್ಲಿ ಎರಡು ಮಕ್ಕಳೇ ಸಂಗ್ರಹಿಸಿದ್ದಿರಲಿ, ಅದರಲ್ಲಿ ಒಂದರ ನಡುವೆ ರೆಕಾರ್ಡ್ ಮಾಡಿ ತಂದ ದನಿ ಇರಲಿ. ಟಿವಿಯವರು ಬೈಟ್ ಅನ್ನುವುದು ಇದನ್ನೇ. ಶಾಲೆಯ ಸ್ಪೀಕರಿನಲ್ಲಿ ತಮ್ಮೂರಿನ ಬಸ್ ಕಂಡಕ್ಟರ್ ಮಾತಾಡಿದ್ದು ಕೇಳಿಸಿದ ದಿನ ಎಲ್ಲರ ಕಿವಿ ನೆಟ್ಟಗಾಗುತ್ತದೆ ನೋಡಿ. ವಿಡಿಯೋಗೆ ಮೊದಲು ಬರಿ ದನಿಯಲ್ಲಿ ಕಲಿಸಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಮುಖ ಕಾಣುವುದಿಲ್ಲ ಎಂದಾಗ ಕೂದಲು, ಬಟ್ಟೆ, ನಾಚಿಕೆ ಎಲ್ಲ ಹೋಗಿ ಕೆಲಸ ಉಳಿಯುತ್ತದೆ. ಮನೆಯವರು ಬೇಡ ಅಂದ ಹೆಣ್ಣುಮಕ್ಕಳೂ ಇದರಲ್ಲಿ ಪೂರ್ತಿಯಾಗಿ ಸೇರಬಹುದು. ನನ್ನ ಅನುಭವದಲ್ಲಿ ಅತ್ಯುತ್ತಮ ಪ್ರಶ್ನೆ ಕೇಳುವವರು ಕ್ಯಾಮೆರಾ ಕಂಡರೆ ಓಡಿಹೋಗುವ ಮಕ್ಕಳೇ.

ಮಾತಿನ ಬಗ್ಗೆ ಕೇಳಿದಿರಿ. 'ಹಳ್ಳಿ ಮಾತು' ಸುದ್ದಿಗೆ ಆಗಿಬರುವುದಿಲ್ಲ ಅನ್ನುವುದು ಶುದ್ಧ ಸುಳ್ಳು. ಆದರೆ ಎಲ್ಲ ಕಡೆ ಒಂದೇ ಮಾತು ನಡೆಯುತ್ತದೆ ಅನ್ನುವುದೂ ನಿಜವಲ್ಲ. ನಾನು ಹೀಗೆ ಭಾಗ ಮಾಡುತ್ತೇನೆ. ಸುದ್ದಿ ಓದುವಾಗ ಬರಹದ ಕನ್ನಡ ಇರಲಿ. ಅದು ಎಲ್ಲ ಜಿಲ್ಲೆಗೂ ತಿಳಿಯುತ್ತದೆ, ಪರೀಕ್ಷೆಗೂ ಅಭ್ಯಾಸವಾಗುತ್ತದೆ. ಸಂದರ್ಶನ ಮಾಡುವಾಗ ಎದುರಿನವರ ಮಾತು ಯಾವುದೋ ಅದೇ ಇರಲಿ. ಹೊಲದಲ್ಲಿ ಗೋವಿನಜೋಳ ಮುರಿಯುತ್ತಿರುವವರ ಹತ್ತಿರ ಹೋಗಿ "ತಮ್ಮ ಅಭಿಪ್ರಾಯವೇನು" ಎಂದರೆ ಅವರ ಬಾಯಿ ಕಟ್ಟಿಹೋಗುತ್ತದೆ. "ಈ ಸಲ ಬೆಳಿ ಹೆಂಗ್ ಬಂದೇತ್ರಿ ಕಾಕಾ" ಎಂದರೆ ಹರಿಯುತ್ತದೆ. ಅವರು ಹೇಳಿದ್ದನ್ನು ನೀಟಾಗಿ ತಿದ್ದಿ ಇನ್ನೊಬ್ಬರ ದನಿಯಲ್ಲಿ ಓದಿಸಬೇಡಿ. ಅದು ಅವರ ಸಾಕ್ಷಿ. ತಿದ್ದಬೇಕಾದದ್ದು ಏನಾದರೂ ಇದ್ದರೆ ಅದು ಉಸಿರು ಮತ್ತು ಅವಸರ. ವಾಕ್ಯದ ಕೊನೆಯ ಕ್ರಿಯಾಪದವನ್ನು ನುಂಗುವುದು ಹೆಚ್ಚಿನ ಮಕ್ಕಳ ರೋಗ. ಕನ್ನಡದಲ್ಲಿ ಆಯಿತೋ ಇಲ್ಲವೋ ಗೊತ್ತಾಗುವುದೇ ಕೊನೆಯ ಪದದಲ್ಲಿ. ಅದು ಕೇಳಿಸದಿದ್ದರೆ ಸುದ್ದಿಯೇ ತಿರುವುಮುರುವು.

ಈಗ ನಲ್ಲಿಯ ವಿಷಯಕ್ಕೆ ಬರೋಣ. ಆ ಹುಡುಗ ತೋರಿಸಿದ್ದು ಸುಳ್ಳಲ್ಲವಲ್ಲ. ಹಾಗಾದರೆ ತಪ್ಪಿದ್ದೆಲ್ಲಿ? ಅವನು ತಂದದ್ದು ಅರ್ಧ ಸುದ್ದಿ, ಉಳಿದರ್ಧ ಬರುವ ಮುಂಚೆಯೇ ಅದು ವಾಟ್ಸಾಪಿಗೆ ಹೋಯಿತು. ನೀರು ಎಷ್ಟು ದಿನದಿಂದ ಇಲ್ಲ? ಮೋಟರ್ ಸುಟ್ಟಿದೆಯೋ, ಪೈಪ್ ಒಡೆದಿದೆಯೋ, ಪಂಚಾಯಿತಿ ಬಿಟ್ಟಿಲ್ಲವೋ? ರಿಪೇರಿಗೆ ಯಾರು ಬರೆಯಬೇಕು, ಬರೆದಿದ್ದಾರಾ? ಮುಖ್ಯಶಿಕ್ಷಕರು ಏನನ್ನುತ್ತಾರೆ? ಈ ಉತ್ತರಗಳ ಜೊತೆ ಬಂದಿದ್ದರೆ ಅದೇ ವಿಡಿಯೋ ದೂರಾಗುತ್ತಿರಲಿಲ್ಲ, ವರದಿಯಾಗುತ್ತಿತ್ತು. ಬಹುಶಃ ಮುಖ್ಯಶಿಕ್ಷಕರ ಪರವಾಗಿಯೂ ನಿಲ್ಲುತ್ತಿತ್ತು. ಎಷ್ಟೋ ಸಲ ಅವರು ಪತ್ರ ಬರೆದು ಬರೆದು ಸುಸ್ತಾಗಿರುತ್ತಾರೆ. ಹುಡುಗನಿಗೆ ಶಿಕ್ಷೆ ಕೊಟ್ಟಿದ್ದರೆ ಅದನ್ನು ಹಿಂತೆಗೆದುಕೊಳ್ಳಿ, ಅದೇ ಸುದ್ದಿಯನ್ನು ಪೂರ್ತಿ ಮಾಡಲು ಅವನನ್ನೇ ಕಳಿಸಿ. ಒಂದು ಎಚ್ಚರ ಮಾತ್ರ ಹೇಳಿ. ಶೌಚಾಲಯದ ಒಳಗೆ ಮೊಬೈಲ್ ಒಯ್ಯುವುದು ಯಾವ ಕಾರಣಕ್ಕೂ ಬೇಡ. ಹೊರಗಿನ ಟ್ಯಾಂಕು, ಒಣಗಿದ ಕೈತೊಳೆಯುವ ನಲ್ಲಿ ತೋರಿಸಿದರೆ ಸಾಕಾಗುತ್ತದೆ.

ಇಂಥ ಸುದ್ದಿ ಹೊತ್ತುಕೊಂಡು ಹೋಗಲು ನಮ್ಮಲ್ಲಿ ಒಂದು ಒಳ್ಳೆಯ ಜಾಗ ಇದೆ, ಬಳಸುವವರು ಕಡಿಮೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳು ಪ್ರತಿ ವರ್ಷ ಮಕ್ಕಳ ಗ್ರಾಮಸಭೆ ನಡೆಸಬೇಕು. 2006ರಿಂದಲೇ ಸರ್ಕಾರದ ಆದೇಶ ಇದೆ. ಸಾಮಾನ್ಯವಾಗಿ ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲಿ ನಡೆಯುತ್ತದೆ. ಅಲ್ಲಿ ಮಕ್ಕಳು ಮೂರು ನಿಮಿಷದ ವಿಡಿಯೋ ತೋರಿಸಿ, ಪಂಚಾಯಿತಿಯವರ ಉತ್ತರವನ್ನು ಅಲ್ಲೇ ರೆಕಾರ್ಡ್ ಮಾಡಿಕೊಂಡು, ಎರಡು ತಿಂಗಳ ನಂತರ ಏನಾಯಿತು ಅಂತ ಮತ್ತೆ ಹೋಗಿ ನೋಡಲಿ. ಪತ್ರಿಕೋದ್ಯಮದ ಪಾಠ ಇದಕ್ಕಿಂತ ಚೆನ್ನಾಗಿ ಬೇರೆಲ್ಲೂ ಸಿಗುವುದಿಲ್ಲ.

"ಒಳ್ಳೇದಷ್ಟೇ ತೋರಿಸೋಣ" ಎಂಬ ನಿಮ್ಮ ಮುಖ್ಯಶಿಕ್ಷಕರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ವಾರ್ಷಿಕೋತ್ಸವ, ದಾಖಲಾತಿ ಆಂದೋಲನ, ಎಸ್‌ಎಸ್‌ಎಲ್‌ಸಿ ಫಲಿತಾಂಶ ಇವನ್ನು ತೋರಿಸುವ ಚಾನೆಲ್ ಶಾಲೆಗೆ ಉಪಯೋಗವೇ. ಆದರೆ ಅದು ಪ್ರಚಾರ, ಅದನ್ನು ಸುದ್ದಿ ಎಂದು ಮಕ್ಕಳಿಗೆ ಕಲಿಸಬಾರದು ಅಷ್ಟೆ. ಎರಡನ್ನೂ ಇಟ್ಟುಕೊಳ್ಳಿ, ಬೇರೆ ಬೇರೆ ಇಟ್ಟುಕೊಳ್ಳಿ. ಈ ಜಗಳ ನಿಮ್ಮೂರಿನದಷ್ಟೇ ಅಲ್ಲ. ಅಮೆರಿಕದ ಮಿಸೌರಿ ರಾಜ್ಯದ ಹೇಜಲ್‌ವುಡ್ ಎಂಬಲ್ಲಿ 1983ರಲ್ಲಿ ಹೈಸ್ಕೂಲ್ ಪತ್ರಿಕೆಯ ಎರಡು ಪುಟಗಳನ್ನು ಪ್ರಾಂಶುಪಾಲರು ತೆಗೆಸಿದರು. ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. 1988ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಶಾಲೆಯ ಪರವಾಗಿ ತೀರ್ಪು ಕೊಟ್ಟಿತು. ಆಮೇಲೆ ಹಲವು ರಾಜ್ಯಗಳು ವಿದ್ಯಾರ್ಥಿ ಪತ್ರಕರ್ತರನ್ನು ಕಾಪಾಡಲು ತಮ್ಮದೇ ಕಾನೂನು ಮಾಡಿಕೊಂಡವು. ನಮ್ಮಲ್ಲಿ ಎಲ್ಲವೂ ಮಾತುಕತೆಯ ಮೇಲೆ ನಿಂತಿದೆ. ಹಾಗಾಗಿ ಸುದ್ದಿ ಮಾಡುವ ಮೊದಲೇ ಮುಖ್ಯಶಿಕ್ಷಕರ ಜೊತೆ ಕೂತು ಅರ್ಧ ಪುಟದ ಒಪ್ಪಂದ ಬರೆದುಕೊಳ್ಳಿ. ಮಕ್ಕಳಿಗೆ ಅಪಾಯ ಆಗುವಂಥದ್ದಿದ್ದರೆ, ಮಾಹಿತಿ ತಪ್ಪಿದ್ದರೆ ಅವರು ತಡೆಯಬಹುದು. ಮುಜುಗರ ಆಗುತ್ತದೆ ಎನ್ನುವುದು ತಡೆಯಲು ಕಾರಣ ಅಲ್ಲ, ಆಗ ಅವರ ಉತ್ತರವನ್ನೂ ಅದೇ ಸುದ್ದಿಯಲ್ಲಿ ಸೇರಿಸಬೇಕು. ಎಸ್‌ಡಿಎಂಸಿ ಅಧ್ಯಕ್ಷರಿಗೂ ಓದಿ ಹೇಳಿ. ಅಚಾನಕ್ ಕಂಡರೆ ಸಿಟ್ಟು ಬರುತ್ತದೆ, ಮೊದಲೇ ತಿಳಿದಿದ್ದರೆ ಅಷ್ಟಿರುವುದಿಲ್ಲ.

ಯೂಟ್ಯೂಬ್ ಬೇಕಾ? ಮೊದಲ ವರ್ಷ ಬೇಡ ಎನ್ನುವುದು ನನ್ನ ಸಲಹೆ. ಪ್ರಾರ್ಥನೆಯ ಸ್ಪೀಕರ್, ಆಮೇಲೆ ಪಾಲಕರ ಸಭೆಯಲ್ಲಿ ಪ್ರೊಜೆಕ್ಟರ್, ಅಷ್ಟು ಸಾಕು. ಇನ್ನೂ ದೂರ ತಲುಪಬೇಕು ಅನ್ನಿಸಿದರೆ ಧಾರವಾಡ ಆಕಾಶವಾಣಿಯನ್ನು ಮಕ್ಕಳ ಕಾರ್ಯಕ್ರಮಕ್ಕಾಗಿ ಕೇಳಿ ನೋಡಿ. ಕೆಲವು ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಸಮುದಾಯ ಬಾನುಲಿ ಇದೆ. ಆದರೆ ಅದು ಸುಮಾರು ಹತ್ತು ಹದಿನೈದು ಕಿಲೋಮೀಟರ್ ಸುತ್ತ ಮಾತ್ರ ಕೇಳುತ್ತದೆ, ಮೇಲಾಗಿ ಸ್ವಂತ ಸುದ್ದಿ ಪ್ರಸಾರ ಮಾಡಲು ಅವರಿಗೆ ಅನುಮತಿ ಇಲ್ಲ. ಸ್ಥಳೀಯ ಮಾಹಿತಿ, ಹಾಡು, ಮಾತುಕತೆ ನಡೆಯುತ್ತದೆ.

ಹಾಕಲೇಬೇಕು ಅಂದರೆ ಅಪಾಯಗಳನ್ನು ತಿಳಿದು ಹಾಕಿ. 'ಅನ್‌ಲಿಸ್ಟೆಡ್' ಅಂತ ಹಾಕಿದರೆ ಯಾರಿಗೂ ಕಾಣುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಲಿಂಕ್ ಸಿಕ್ಕವರೆಲ್ಲ ನೋಡಬಹುದು, ಯಾರಿಗೆ ಬೇಕಾದರೂ ಕಳಿಸಬಹುದು. ಚಾನೆಲ್ ಮಕ್ಕಳ ಹೆಸರಿನಲ್ಲಿ ಬೇಡ, ನಿಮ್ಮ ಸ್ವಂತ ಖಾತೆಯಲ್ಲೂ ಬೇಡ. ಶಾಲೆಯ ಇಮೇಲಿನಲ್ಲಿ ಮಾಡಿ, ಪಾಸ್‌ವರ್ಡ್ ಇಬ್ಬರು ಶಿಕ್ಷಕರ ಹತ್ತಿರ ಇರಲಿ, ಕಾಮೆಂಟ್ ಮುಚ್ಚಿರಲಿ. ಮಕ್ಕಳೇ ಲೈವ್ ಮಾಡುವುದಂತೂ ಬೇಡವೇ ಬೇಡ. ಲೈವ್ ಮಾಡಲು ಕನಿಷ್ಠ ವಯಸ್ಸನ್ನು ಯೂಟ್ಯೂಬೇ 2025ರಲ್ಲಿ 16ಕ್ಕೆ ಏರಿಸಿದೆ. ಸರ್ಕಾರಿ ನೌಕರರು ಮಾಧ್ಯಮದಲ್ಲಿ ತೊಡಗಲು ನಡತೆ ನಿಯಮಗಳ ಮಿತಿ ಇದೆ, ಹಾಗಾಗಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಲಿಖಿತ ಅನುಮತಿ ಪಡೆಯಿರಿ. ಬಾಯಿಮಾತು ವರ್ಗಾವಣೆಯ ಜೊತೆಗೇ ಹೋಗಿಬಿಡುತ್ತದೆ. ಸಿನಿಮಾ ಹಾಡು ಹಿನ್ನೆಲೆಗೆ ಹಾಕಿದರೆ ಯೂಟ್ಯೂಬಿನ ಯಂತ್ರವೇ ಹಿಡಿಯುತ್ತದೆ. ನಿಮ್ಮ ಹುಡುಗರ ಡೊಳ್ಳು ಇದೆಯಲ್ಲ, ಅದನ್ನೇ ರೆಕಾರ್ಡ್ ಮಾಡಿ ಬಳಸಿ.

ಹೆಣ್ಣುಮಕ್ಕಳ ಮನೆಯವರು ಬೇಡ ಅಂದದ್ದನ್ನು ಅಡ್ಡಿ ಅಂತ ನೋಡಬೇಡಿ. ಮುಖ, ಹೆಸರು, ಸಮವಸ್ತ್ರ, ಊರು ಒಟ್ಟಿಗೆ ಕಂಡರೆ ಆ ಮಗು ಯಾವ ಹೊತ್ತಿಗೆ ಎಲ್ಲಿರುತ್ತದೆ ಅಂತ ಯಾರು ಬೇಕಾದರೂ ಲೆಕ್ಕ ಹಾಕಬಹುದು. ಒಂದು ಚಿತ್ರವನ್ನು ಕದ್ದು ಬೇರೆ ಚಿತ್ರಕ್ಕೆ ಅಂಟಿಸುವುದು ಈಗ ಸುಲಭ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷದ ಒಳಗಿನವರನ್ನು ಮಕ್ಕಳೆಂದೇ ಎಣಿಸುತ್ತದೆ, ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಕೇಳುತ್ತದೆ. ಪಾಲಕರಿಂದ ಬರಹದಲ್ಲಿ ಒಪ್ಪಿಗೆ ತನ್ನಿ. ಪಾಲಕರು ಹೂಂ ಅಂದರೂ ಮಗು ಬೇಡ ಅಂದರೆ ಬೇಡ ಅಂತಲೇ. ಬೇಡ ಅಂದವರಿಗೆ ಬರವಣಿಗೆ, ದನಿ, ಎಡಿಟಿಂಗ್, ಕ್ಯಾಮೆರಾ ಹಿಂದಿನ ಕೆಲಸ ಬೇಕಾದಷ್ಟಿದೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಬಾಲ್ಯವಿವಾಹ, ಕಿರುಕುಳ, ದೌರ್ಜನ್ಯದ ಸುಳಿವು ಮಕ್ಕಳ ವರದಿಗಾರಿಕೆಯಲ್ಲಿ ಸಿಗಬಹುದು, ಸಿಕ್ಕೇ ಸಿಗುತ್ತದೆ. ಅದು ಶಾಲೆಯ ಬುಲೆಟಿನ್‌ಗೆ ಸುದ್ದಿ ಅಲ್ಲ. 2012ರ ಪೋಕ್ಸೋ ಕಾಯ್ದೆ ಮತ್ತು 2015ರ ಬಾಲನ್ಯಾಯ ಕಾಯ್ದೆ ಎರಡೂ ಅಂಥ ಮಗುವಿನ ಗುರುತನ್ನು ಮಾಧ್ಯಮದಲ್ಲಿ ಬಿಟ್ಟುಕೊಡುವುದನ್ನು ನಿಷೇಧಿಸುತ್ತವೆ. ಹೆಸರಷ್ಟೇ ಅಲ್ಲ, ಶಾಲೆ, ವಿಳಾಸ, ಮನೆಯವರ ವಿವರ ಕೂಡ. ರೆಕಾರ್ಡ್ ಮಾಡುವುದನ್ನು ಅಲ್ಲೇ ನಿಲ್ಲಿಸಿ ನಿಮಗೆ ಬಂದು ಹೇಳಬೇಕು ಎಂದು ಮಕ್ಕಳಿಗೆ ಮೊದಲ ದಿನವೇ ಹೇಳಿಡಿ. ಮಕ್ಕಳ ಸಹಾಯವಾಣಿ 1098. ಆ ಫೋನ್ ಮಾಡಬೇಕಾದವರು ನೀವು, ಮಕ್ಕಳಲ್ಲ.

ಕೊನೆಗೆ ತಂಡದ ವಿಷಯ. ಎಂಟನೆಯವರನ್ನು ಜಾಸ್ತಿ ತೆಗೆದುಕೊಳ್ಳಿ, ಅವರು ಇನ್ನೆರಡು ವರ್ಷ ಸಿಗುತ್ತಾರೆ. ಹತ್ತನೆಯವರನ್ನು ಡಿಸೆಂಬರಿಗೆ ಬಿಟ್ಟುಬಿಡಿ, ಇಲ್ಲವಾದರೆ ಪೂರ್ವಸಿದ್ಧತಾ ಪರೀಕ್ಷೆಯ ಅಂಕ ಕಡಿಮೆ ಬಂದದ್ದಕ್ಕೆಲ್ಲ ನಿಮ್ಮ ಸುದ್ದಿಯೇ ಕಾರಣ ಎನ್ನುತ್ತಾರೆ. ಓದುವವರು, ಕೇಳುವವರು, ರೆಕಾರ್ಡ್ ಮಾಡುವವರು ಪ್ರತಿ ತಿಂಗಳು ಬದಲಾಗಲಿ. ಆ ನಲ್ಲಿಯ ಹುಡುಗನಿಗೆ ಮಾತ್ರ ಸದ್ಯಕ್ಕೆ ಆಂಕರಿಂಗ್ ಬೇಡ. ಪರಿಶೀಲನೆಯ ಕೆಲಸ ಕೊಡಿ. ಬೇರೆಯವರು ತಂದ ಸುದ್ದಿಯಲ್ಲಿ ತೂತು ಹುಡುಕುವುದು ಅವನಿಗೆ ಚೆನ್ನಾಗಿ ಬರುತ್ತದೆ ಅನ್ನಿಸುತ್ತದೆ.